ಒಂದು ಬೆರಳಿನ ಸಡಿಲು

ಹಸುಗೂಸಿಗೆ ಉಡುದಾರ ಕಟ್ಟುವಾಗ ಹಿಂದಿನ ಕಾಲದ ಅಜ್ಜಿಯರು ದಾರದೊಳಗೆ ಒಂದು ಬೆರಳು ತೂರಿಸಿ ನೋಡುತ್ತಿದ್ದರು. ಬೆರಳು ಹೋಗದಿದ್ದರೆ ಬಿಗಿ, ಎರಡು ಹೋದರೆ ಸಡಿಲು. ಬಸವೇಶ್ವರನಗರದ ನಿವೃತ್ತ ಟರ್ನರ್ ಒಬ್ಬರು ಎಪ್ಪತ್ತರ ವಯಸ್ಸಿನಲ್ಲಿ ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕಿಗೆ ಚೈನು ತೊಡಿಸಲು ಕೂತಾಗ ಈ ಪಾಠವನ್ನು ಮೊದಲಿನಿಂದ ಕಲಿಯಬೇಕಾಯಿತು.

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಮೂವತ್ತೈದು ವರ್ಷ ಲೇತ್ ಮುಂದೆ ನಿಂತವರು ಅವರು. ಕೂದಲೆಳೆಯ ಲೆಕ್ಕದಲ್ಲಿ ಕಬ್ಬಿಣ ಕಡೆದ ಕೈ. ಸಿಂಗಪುರದಲ್ಲಿರುವ ಮಗಳು ರಜೆಗೆ ಬಂದವಳು ಟಿ-55 ಟ್ಯಾಂಕಿನ ಹಳೆಯ ಕಿಟ್ಟೊಂದನ್ನು ಹುಡುಕಿ ತಂದಿದ್ದಳು. "ದೊಡ್ಡಪ್ಪ ಓಡಿಸ್ತಿದ್ದ ಟ್ಯಾಂಕು ಇದೇ ತಾನೇ ಅಪ್ಪ? ಜೋಡಿಸಿ ಅವರಿಗೆ ಕೊಡಿ" ಎಂದಳು.

ದೊಡ್ಡಪ್ಪ ಎಂದರೆ ಕೆಂಗೇರಿ ಉಪನಗರದಲ್ಲಿರುವ ಅಣ್ಣ. 1971ರ ಡಿಸೆಂಬರಿನಲ್ಲಿ ಛಂಬ್ ರಣರಂಗದಲ್ಲಿ ಟಿ-55 ಓಡಿಸಿದವರು. ಸೇನೆ ಬಿಟ್ಟ ಮೇಲೆ ಊರಿನಲ್ಲಿ ಬಸ್ಸು ಓಡಿಸಿದರು. ಯುದ್ಧದ ಬಗ್ಗೆ ಐವತ್ತು ವರ್ಷಗಳಲ್ಲಿ ಮನೆಯವರಿಗೆ ಹೇಳಿದ್ದು ಒಂದೇ ಮಾತು: "ಚಳಿ ಬಹಳ ಇತ್ತು." ಈಗ ಗ್ಲಾಕೋಮಾದಿಂದ ಅವರ ಕಣ್ಣು ಹೆಚ್ಚುಕಡಿಮೆ ಹೋಗಿದೆ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಉಳಿದಷ್ಟನ್ನು ಕಾಪಾಡಿಕೊಳ್ಳಬೇಕು, ಅಷ್ಟೆ. ಬೆಳಕು ನೆರಳು ಗೊತ್ತಾಗುತ್ತದೆ, ಎದುರಿಗೆ ಕೂತವರ ಮುಖ ಗೊತ್ತಾಗುವುದಿಲ್ಲ.

ಟ್ಯಾಂಕಿನ ಒಡಲು, ಗೋಪುರ, ಫಿರಂಗಿ ಎಲ್ಲ ಎರಡು ವಾರದಲ್ಲಿ ಮುಗಿದವು. ತೊಂದರೆ ಕೊಟ್ಟದ್ದು ಚೈನು. ಅಸಲಿ ಟ್ಯಾಂಕಿನಲ್ಲಿ ಅದು 580 ಮಿಲಿಮೀಟರ್ ಅಗಲದ ಉಕ್ಕಿನ ಕೊಂಡಿಗಳ ಸಾಲು. ಮಾದರಿಯಲ್ಲಿ 35ರಲ್ಲಿ ಒಂದು ಪಾಲು, ಅಂದರೆ ಹದಿನಾರೂವರೆ ಮಿಲಿಮೀಟರಿನ ಕಪ್ಪು ವಿನೈಲ್ ಪಟ್ಟಿ. ಈ 35ರ ಲೆಕ್ಕಕ್ಕೂ ಒಂದು ಕಥೆಯುಂಟು. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಮೋಟಾರು ಇಟ್ಟು ಓಡಿಸುವ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿ ಅಳೆದರೆ ಹೆಚ್ಚುಕಡಿಮೆ 35ರಲ್ಲಿ ಒಂದು ಬಂತಂತೆ. ಅದೇ ರೂಢಿಯಾಯಿತು. ಓಡುವ ಆಟಿಕೆಗೆ ಬಾಗುವ ಪಟ್ಟಿ ಬೇಕೇ ಬೇಕು. ಮೋಟಾರು ಹೋಯಿತು, ಪಟ್ಟಿ ಮಾತ್ರ ಉಳಿಯಿತು.

ಪಟ್ಟಿಯ ಒಂದು ತುದಿಯಲ್ಲಿ ಪುಟ್ಟ ಮೊಳೆಗಳು, ಇನ್ನೊಂದು ತುದಿಯಲ್ಲಿ ತೂತುಗಳು. ತೂತಿಗೆ ಮೊಳೆ ತೂರಿಸಿ, ಕಾಯಿಸಿದ ಸ್ಕ್ರೂಡ್ರೈವರಿನಿಂದ ಒತ್ತಿ ಚಪ್ಪಟೆ ಮಾಡಬೇಕು. ಹಳೆಯ ವಿನೈಲಿಗೆ ಪ್ಲಾಸ್ಟಿಕ್ಕಿನ ಅಂಟು ಹಿಡಿಯುವುದಿಲ್ಲ. ಗ್ಯಾಸ್ ಒಲೆಯಲ್ಲಿ ಕಾಯಿಸಿದ್ದು ತುಸು ಹೆಚ್ಚಾಗಿ ಒಂದು ಮೊಳೆ ಕರಗಿಯೇ ಹೋಯಿತು. "ಅಡಿಗೆಮನೆ ಪಂಚರ್ ಅಂಗಡಿ ಆಗಿದೆ" ಎಂದು ಹೆಂಡತಿ ಮೂಗು ಮುಚ್ಚಿಕೊಂಡರು. ಕೊನೆಗೆ ಅವರದೇ ಹೊಲಿಗೆ ಡಬ್ಬಿಯ ಕಪ್ಪು ದಾರದಿಂದ ತುದಿಗಳನ್ನು ಹೊಲಿದು, ಹೊಲಿಗೆ ಕಾಣದಂತೆ ಮಡ್‌ಗಾರ್ಡಿನ ಅಡಿಗೆ ಸರಿಸಿದ್ದಾಯಿತು.

2021ರಲ್ಲಿ ಕೆಂಗೇರಿಯವರೆಗೆ ಮೆಟ್ರೊ ಬಂದ ಮೇಲೆ ಅಣ್ಣನ ಮನೆ ಹತ್ತಿರವಾಗಿದೆ. ಒಂದು ಭಾನುವಾರ ಟ್ಯಾಂಕನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ವಿಜಯನಗರದಲ್ಲಿ ರೈಲು ಹತ್ತಿ ಹೊರಟರು. ಅಣ್ಣ ಅದನ್ನು ತೊಡೆಯ ಮೇಲಿಟ್ಟುಕೊಂಡು ಫಿರಂಗಿ ಸವರಿದರು, ಚಕ್ರಗಳನ್ನು ಎಣಿಸಿದರು. ಮೊದಲನೆಯ ಮತ್ತು ಎರಡನೆಯ ಚಕ್ರದ ನಡುವೆ ಅಂತರ ಹೆಚ್ಚಿರುವುದನ್ನು ಬೆರಳಲ್ಲೇ ಗುರುತಿಸಿ ತಲೆಯಾಡಿಸಿದರು. ಅದು ಟಿ-55ರ ಗುರುತು. ಬೆರಳು ಚೈನಿನ ಮೇಲೆ ಬಂದಾಗ ಮುಖ ಗಂಟಾಯಿತು.

"ಇದು ಹಿಟ್ಟಿನ ಗಿರಣಿ ಬೆಲ್ಟು ಕಣೋ. ಟ್ಯಾಂಕ್ ಚೈನು ಹಿಂಗಿರಲ್ಲ. ಅದು ಚಕ್ರದ ಮೇಲೆ ಮಲಗಬೇಕು."

ಅಣ್ಣ ಹೇಳಿದ್ದು ಸರಿ. ಕೆಲವು ಟ್ಯಾಂಕುಗಳಲ್ಲಿ ಚೈನಿನ ಮೇಲ್ಭಾಗವನ್ನು ಹೊರಲು ಪುಟ್ಟ ಗಾಲಿಗಳಿರುತ್ತವೆ. ಸೆಂಚುರಿಯನ್, ವಿಜಯಂತ ಟ್ಯಾಂಕುಗಳಲ್ಲಿ ಪಕ್ಕಕ್ಕೆ ತಟ್ಟೆಗಳನ್ನು ಇಳಿಬಿಟ್ಟು ಅದನ್ನು ಮರೆಮಾಡಿರುತ್ತಾರೆ. ಟಿ-55ಕ್ಕೆ ಇವೆರಡೂ ಇಲ್ಲ. ಹಿಂದಿನ ಹಲ್ಲುಚಕ್ರದಿಂದ ಹೊರಟ ಚೈನು ತನ್ನ ಭಾರಕ್ಕೆ ತಾನೇ ಜೋತು, ಚಕ್ರಗಳ ಬೆನ್ನ ಮೇಲೆ ಒರಗಿ, ಮುಂದಿನ ಗಾಲಿಗೆ ಏರುತ್ತದೆ. ಪಟ್ಟಿಗೆ ಆ ಭಾರವೆಲ್ಲಿಂದ ಬರಬೇಕು? 36 ಟನ್ನಿನ ಟ್ಯಾಂಕನ್ನು ಮೂರು ದಿಕ್ಕಿಗೂ 35 ಪಟ್ಟು ಕುಗ್ಗಿಸಿದರೆ ತೂಕ 42,875 ಪಟ್ಟು ಇಳಿಯುತ್ತದೆ. ಅಂದರೆ ಸುಮಾರು 840 ಗ್ರಾಂ. ಪ್ಲಾಸ್ಟಿಕ್ ಮಾದರಿ ಅಷ್ಟೂ ತೂಗುವುದಿಲ್ಲ.

ಮನೆಗೆ ಬಂದು ಹೊಲಿಗೆ ಬಿಚ್ಚಿ, ಎರಡು ತುದಿಗಳ ನಡುವೆ ಅರ್ಧ ಸೆಂಟಿಮೀಟರಿನಷ್ಟು ಜಾಗ ಬಿಟ್ಟು ಸಡಿಲವಾಗಿ ದಾರ ಕಟ್ಟಿದರು. ಬಿಗಿಯಾದ ಪಟ್ಟಿ ಹಾಗೇ ಉಳಿದರೆ ಅಚ್ಚುಗಳು ನಿಧಾನಕ್ಕೆ ಬಾಗುತ್ತವೆ. ವಿನೈಲಿನಿಂದ ಒಸರುವ ಎಣ್ಣೆಯಂಥ ಅಂಶ ವರ್ಷಗಳು ಕಳೆದಂತೆ ಚಕ್ರದ ಪ್ಲಾಸ್ಟಿಕ್ಕನ್ನೇ ಕರಗಿಸುವುದೂ ಉಂಟು. ಅದಕ್ಕೇ ಚಕ್ರಗಳಿಗೆ ಇನ್ನೊಂದು ಸಲ ಬಣ್ಣ ಬಳಿದರು. ಚಕ್ರದ ಮೇಲೆ ಒಂದೊಂದು ಹನಿ ಫೆವಿಕ್ವಿಕ್ ಬಿಟ್ಟು, ಆರುವ ತನಕ ಮಡ್‌ಗಾರ್ಡಿನ ಕೆಳಗೆ ಸ್ಪಂಜು ತುರುಕಿ ಪಟ್ಟಿಯನ್ನು ಅದುಮಿಡುವುದು ಒಂದು ದಾರಿ. ಆದರೆ ಲೇತಿನವರಿಗೆ ಅಂಟಿನ ಮೇಲೆ ನಂಬಿಕೆ ಕಡಿಮೆ. ಅವರು ಚಕ್ರಗಳ ಹಿಂದೆ ಒಡಲಿನ ಗೋಡೆಗೆ ಸಣ್ಣ ತೂತು ಕೊರೆದು, ತಲೆ ಕತ್ತರಿಸಿದ ಗುಂಡುಸೂಜಿಗಳನ್ನು ಪಟ್ಟಿಯ ಮೇಲೆ ಬರುವಂತೆ ನೆಟ್ಟರು. ಸೂಜಿ ಪಟ್ಟಿಯನ್ನು ಕೆಳಗೊತ್ತಿ ಹಿಡಿಯಿತು. ಹೊರಗಿನಿಂದ ನೋಡಿದರೆ ಏನೂ ಕಾಣದು.

ಮುಂದಿನ ಭಾನುವಾರ ಅಣ್ಣನ ಬೆರಳು ಚೈನಿನ ಮೇಲೆ ನಿಧಾನವಾಗಿ ಹೋಯಿತು. "ಮೂರನೇದು ಸರಿ, ನಾಲ್ಕನೇದು ಸರಿ. ಐದನೇ ಚಕ್ರ ದಾಟಿದ ಮೇಲೆ ಇಷ್ಟು ಜೋಲು ಬೇಡ. ಅಲ್ಲಿ ಹಲ್ಲುಚಕ್ರಕ್ಕೆ ಹತ್ತಬೇಕು. ಜೋಲು ಜಾಸ್ತಿ ಆದ್ರೆ ತಿರುಗುವಾಗ ಕಳಚಿಕೊಳ್ಳುತ್ತೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವಾಗಿಯೇ ಹೇಳತೊಡಗಿದರು.

"ಒಂದು ಸಲ ಕಳಚಿತ್ತು. ಮುನಾವರ್ ತವಿ ಹೊಳೆ, ಬರೀ ಉರುಟುಕಲ್ಲು. ರಾತ್ರಿ. ದೀಪ ಹಚ್ಚೋ ಹಾಗಿಲ್ಲ. ಪಂಜಾಬಿನ ಹುಡುಗ ಒಬ್ಬ ಹಾರೆ ಕೊಟ್ಟು ಎತ್ತಿ ಹಿಡಿದ. ಸದ್ದಾಗಬಾರದು ಅಂತ ಸುತ್ತಿಗೆಗೆ ಕಂಬಳಿ ಸುತ್ತಿ ನಾನು ಪಿನ್ನು ಹೊಡೆದೆ. ಬಿಗಿ ಎಷ್ಟು, ಸಡಿಲು ಎಷ್ಟು ಅಂತ ಕೈಯಲ್ಲೇ ನೋಡಿದ್ದು. ಆವತ್ತೂ ಕಣ್ಣು ಕಾಣ್ತಿರಲಿಲ್ಲ."

"ಆ ಹುಡುಗ?" ಎಂದರು ತಮ್ಮ.

"ಮೂರು ದಿನ ಇದ್ದ."

ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ಅತ್ತಿಗೆ ಹಾಗೆಯೇ ನಿಂತಿದ್ದರು. ಮದುವೆಯಾಗಿ ನಲವತ್ತಾರು ವರ್ಷಕ್ಕೆ ಈ ಮಾತು ಅವರು ಕೇಳಿದ್ದು ಅಂದೇ ಮೊದಲು.

ಅಣ್ಣ ಟ್ಯಾಂಕನ್ನು ತಿರುಗಿಸಿ ಇನ್ನೊಂದು ಪಕ್ಕ ಮುಟ್ಟಿ ನೋಡಿದರು. ಆ ಕಡೆಯ ಪಟ್ಟಿ ಇನ್ನೂ ಮೊದಲಿನ ಹಾಗೆ ಬಿಗಿಯಾಗಿತ್ತು.

"ಈ ಕಡೇದು ಹಾಗೇ ಬಿಟ್ಟಿದ್ದೀಯಲ್ಲೋ" ಎಂದರು. "ಮನೆಗೆ ತಗೊಂಡು ಹೋಗಬೇಡ. ಸೂಜಿ, ಇಕ್ಕಳ ಎಲ್ಲ ಇಲ್ಲಿಗೇ ತಗೊಂಡು ಬಾ. ನಾನು ಬೆರಳಿಟ್ಟು ಹೇಳ್ತೀನಿ."