ಆಡುವ ಕೈಯೇ ಧೂಳೂ ತೆಗೆಯಲಿ



ನಮ್ಮ ಚರ್ಚಿನ ಸಭಾಭವನದ ಪಕ್ಕದ ಚಿಕ್ಕ ಕೋಣೆಯಲ್ಲಿ ಒಂದು ಗೇಮಿಂಗ್ ಕಂಪ್ಯೂಟರ್ ಇದೆ ಎಂಬುದು ನಿಮಗೆಲ್ಲ ಗೊತ್ತು. ಸಂಘದ ಅಣ್ಣ ಒಬ್ಬರು ಗಲ್ಫಿಗೆ ಹೋಗುವ ಮುಂಚೆ ಅದನ್ನು ನಮಗೆ ಬಿಟ್ಟು ಹೋದರು. ಹಬ್ಬದ ಪೂಜೆಯ ನೇರಪ್ರಸಾರ, ವಿಡಿಯೋ ಎಡಿಟಿಂಗ್, ಕ್ರಿಸ್ತೋಪದೇಶದ ಮಕ್ಕಳ ಕ್ವಿಜ್ ಎಲ್ಲವೂ ಅದರಲ್ಲೇ ನಡೆಯುತ್ತದೆ. ಶನಿವಾರ ಸಂಜೆಯ ಫುಟ್‌ಬಾಲ್ ಗೇಮ್ ಕೂಡ ಅದರಲ್ಲೇ. ಈ ಕೊನೆಯ ಸಂಗತಿಯ ಬಗ್ಗೆ ಕೆಲವು ಹಿರಿಯರಿಗೆ ಅಸಮಾಧಾನ ಇದೆ. ಆ ಮಾತಿಗೆ ಆಮೇಲೆ ಬರುತ್ತೇವೆ.

ಕಳೆದ ಎಪ್ರಿಲ್‌ನಲ್ಲಿ ಆ ಕಂಪ್ಯೂಟರ್ ಆಟದ ನಡುವೆ ತನ್ನಷ್ಟಕ್ಕೆ ಆಫ್ ಆಗತೊಡಗಿತು. ಮೊದಲು ಗೇಮ್ ತಡವರಿಸುವುದು, ಫ್ಯಾನ್ ಕೂಗುವುದು, ಆಮೇಲೆ ಪರದೆ ಕಪ್ಪು. ಒಂದು ಅಂಗಡಿಯವರು ನೋಡಿ, ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕದೆ ಆಗುವುದಿಲ್ಲ ಎಂದರು. ಅಷ್ಟು ಹಣ ಸಂಘದ ಕೈಯಲ್ಲಿ ಇದ್ದದ್ದು ಒಂದೇ ಕಡೆ: ಕ್ರಿಸ್ಮಸ್ ಕಾಲದಲ್ಲಿ ಮನೆಮನೆಗೆ ಹೋಗಿ ಕ್ಯಾರಲ್ ಹಾಡಿ ಕೂಡಿಸಿದ ಹಣದಲ್ಲಿ. ಅದು ನಮ್ಮ ಚರ್ಚಿನ ಒಂದು ಕುಟುಂಬದ ಡಯಾಲಿಸಿಸ್ ಖರ್ಚಿಗೆಂದು ಎತ್ತಿಟ್ಟದ್ದು. ಅದನ್ನು ಮುಟ್ಟುವ ಮಾತನ್ನು ಯಾರೂ ಆಡಲಿಲ್ಲ. ಉಳಿದದ್ದು ಎರಡೇ ದಾರಿ: ಗುಜರಿಗೆ ಕೊಡುವುದು, ಇಲ್ಲವೇ ನಾವೇ ಬಿಚ್ಚಿ ನೋಡುವುದು.

ಬಿಚ್ಚುವ ಮೊದಲು ಅಳೆದೆವು. ಒಳಗಿನ ಬಿಸಿ ತೋರಿಸುವ ಎಚ್‌ಡಬ್ಲ್ಯೂ ಮಾನಿಟರ್‌ನಂಥ ಸಾಫ್ಟ್‌ವೇರ್‌ಗಳು ಉಚಿತವಾಗಿ ಸಿಗುತ್ತವೆ. ಆಟ ಶುರುಮಾಡಿ ಇಪ್ಪತ್ತು ನಿಮಿಷದಲ್ಲಿ ಪ್ರೊಸೆಸರ್ 94 ಡಿಗ್ರಿ ಮುಟ್ಟಿತು. ನಮ್ಮದು ರೈಜೆನ್ 5 3600. ಅದಕ್ಕೆ ತಯಾರಕರು ಹೇಳಿರುವ ಮಿತಿ 95 ಡಿಗ್ರಿ ಸೆಲ್ಸಿಯಸ್. ಮಿತಿಯ ಹತ್ತಿರ ಬಂದಾಗ ಪ್ರೊಸೆಸರ್ ತನ್ನ ವೇಗವನ್ನು ತಾನೇ ಇಳಿಸುತ್ತದೆ. ಗೇಮ್ ತಡವರಿಸುವುದು ಇದರಿಂದ. ಆದರೂ ತಣಿಯದಿದ್ದರೆ ಸುಟ್ಟುಹೋಗದಿರಲು ಯಂತ್ರ ಆಫ್ ಆಗುತ್ತದೆ. ಅಂದರೆ ಅದು ಕೆಟ್ಟಿರಲಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು.

ಕಂಪ್ಯೂಟರ್ ಎಳೆಯುವ ವಿದ್ಯುತ್ತು ಹೆಚ್ಚುಕಡಿಮೆ ಎಲ್ಲವೂ ಕೊನೆಗೆ ಬಿಸಿಯೇ ಆಗುತ್ತದೆ. ಕಂಪೆನಿಗಳ ಲೆಕ್ಕದಂತೆ ನಮ್ಮ ಪ್ರೊಸೆಸರ್ 65 ವ್ಯಾಟ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ 125 ವ್ಯಾಟ್. ಹಳೆಯ ಕಾಲದ ನೂರು ವ್ಯಾಟಿನ ಎರಡು ಬಲ್ಬುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಉರಿಸಿದರೆ ಎಷ್ಟು ಬಿಸಿಯೋ ಸುಮಾರು ಅಷ್ಟು. ಆ ಬಿಸಿಯನ್ನು ಹೊರಗೆ ಒಯ್ಯಲು ಇರುವುದು ಗಾಳಿ ಮಾತ್ರ. ಗಾಳಿಯ ದಾರಿ ಮುಚ್ಚಿದರೆ ಎಷ್ಟು ಬೆಲೆಯ ಫ್ಯಾನ್ ಇದ್ದರೂ ಪ್ರಯೋಜನವಿಲ್ಲ. ಇನ್ನೊಂದು ಮಾತು: ಫ್ಯಾನ್ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 27 ಡಿಗ್ರಿಯಿಂದ 34ಕ್ಕೆ ಏರಿದರೆ ಒಳಗಿನ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನಮ್ಮ ಕಾಸರಗೋಡು ಕರಾವಳಿಯ ಎಪ್ರಿಲ್ ಹೇಗಿರುತ್ತದೆಂದು ಹೇಳಬೇಕಾಗಿಲ್ಲ.

ಮುಚ್ಚಳ ತೆಗೆದಾಗ ಕಾರಣ ಕಣ್ಣಿಗೇ ಬಿತ್ತು. ಹೀಟ್‌ಸಿಂಕ್‌ನ ತೆಳ್ಳನೆಯ ಹಾಳೆಗಳ ನಡುವೆ ಮುರಕಲ್ಲಿನ ಕೆಂಪು ಧೂಳು ಕಂಬಳಿಯಂತೆ ಕೂತಿತ್ತು. ಸೊಳ್ಳೆಬತ್ತಿಯ ಹೊಗೆ ಸೇರಿ ಅದು ಅಂಟಂಟಾಗಿತ್ತು. ಹಿಂಬದಿಯ ಖಾಲಿ ಕಿಂಡಿಯ ಹತ್ತಿರ ಹಲ್ಲಿಯ ಮೊಟ್ಟೆಯ ಎರಡು ಚಿಪ್ಪುಗಳು. ಕ್ರಿಸ್ತೋಪದೇಶದ ಮಕ್ಕಳು ಅದನ್ನು ನೋಡಲೆಂದೇ ಸಾಲಾಗಿ ನಿಂತರು.

ಸ್ವಚ್ಛಮಾಡಿದ ಕ್ರಮವನ್ನು ಹೇಳುತ್ತೇವೆ, ನಿಮ್ಮ ಮನೆಯಲ್ಲೂ ಉಪಯೋಗಕ್ಕೆ ಬರಲಿ. ಮೊದಲು ಆಫ್ ಮಾಡಿ, ಪ್ಲಗ್ ತೆಗೆದು, ಪವರ್ ಬಟನನ್ನು ಕೆಲವು ಸೆಕೆಂಡು ಒತ್ತಿ ಹಿಡಿಯಬೇಕು. ಒಳಗೆ ಉಳಿದ ಚಾರ್ಜ್ ಇಳಿಯುತ್ತದೆ. ಪೆಟ್ಟಿಗೆಯನ್ನು ಜಗಲಿಗೆ ತನ್ನಿ, ಕೋಣೆಯಲ್ಲೇ ಊದಿದರೆ ಧೂಳು ಮತ್ತೆ ಒಳಗೇ ಹೋಗುತ್ತದೆ. ಒಳಗೆ ಕೈಹಾಕುವ ಮೊದಲು ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ತು ಹೋಗಲಿ. ಹೊಸ, ಒಣಗಿದ, ಮೆದು ಪೈಂಟ್ ಬ್ರಶ್‌ನಿಂದ ಧೂಳು ಸಡಿಲಿಸಿ ಬ್ಲೋವರ್‌ನಿಂದ ಊದಿ. ಊದುವಾಗ ಫ್ಯಾನಿನ ಎಲೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ. ಬಿಟ್ಟರೆ ಅದು ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಪವರ್ ಸಪ್ಲೈಯ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ತು ಉಳಿದಿರಬಹುದು. ಅದಕ್ಕೆ ಹೊರಗಿನಿಂದ ಊದಿದರೆ ಸಾಕು.

ಮುಂದಿನ ಕೆಲಸ ಥರ್ಮಲ್ ಪೇಸ್ಟ್. ಪ್ರೊಸೆಸರ್ ಮತ್ತು ಕೂಲರಿನ ನಡುವೆ ಕಣ್ಣಿಗೆ ಕಾಣದ ಸಂದುಗಳಲ್ಲಿ ಗಾಳಿ ನಿಲ್ಲದಂತೆ ತುಂಬುವ ಪೇಸ್ಟ್ ಅದು. ವರ್ಷಗಳಲ್ಲಿ ಒಣಗಿ ಬಿರುಕುಬಿಡುತ್ತದೆ. ನಮ್ಮದರಂಥ ರೈಜೆನ್‌ನಲ್ಲಿ ಕೂಲರನ್ನು ನೇರ ಎಳೆಯಬಾರದು. ಸ್ವಲ್ಪ ಹೊತ್ತು ಓಡಿಸಿ ಬಿಸಿಯಾದ ಮೇಲೆ ಆಫ್ ಮಾಡಿ, ಸ್ಕ್ರೂ ಸಡಿಲಿಸಿ, ಎಡಬಲಕ್ಕೆ ಮೆಲ್ಲಗೆ ತಿರುಗಿಸಿ ಬಿಡಿಸಬೇಕು. ಇಲ್ಲವಾದರೆ ಪ್ರೊಸೆಸರ್ ಕೂಲರಿಗೆ ಅಂಟಿಕೊಂಡೇ ಕಿತ್ತು ಬರುತ್ತದೆ. ಅದರ ಅಡಿಯಲ್ಲಿ 1,331 ಪಿನ್ನುಗಳಿವೆ, ಒಂದು ಬಾಗಿದರೂ ತಲೆನೋವು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸದನ್ನು ಇಟ್ಟೆವು. ಹೆಚ್ಚು ಹಾಕಿದರೆ ಹೆಚ್ಚು ತಣ್ಣಗಾಗುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮಾಡಿದರೆ ಸಾಕು.

ಮೇಜನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದೆವು. ನೆಲದಲ್ಲಿದ್ದ ಪೆಟ್ಟಿಗೆಯನ್ನು ಹಲಗೆಯ ಮೇಲಿಟ್ಟೆವು. ಮುಂದಿನ ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ದೂಡಬೇಕು. ಫ್ಯಾನಿನ ಎದುರು ಒಂದು ಕಾಗದದ ಚೂರು ಹಿಡಿದರೆ ದಿಕ್ಕು ಗೊತ್ತಾಗುತ್ತದೆ. ಹಲ್ಲಿ ಬರುತ್ತಿದ್ದ ಕಿಂಡಿಗೆ ಸಣ್ಣ ತಂತಿಬಲೆ ಬಿಗಿದೆವು.

ಅದೇ ಗೇಮ್, ಅದೇ ಸಂಜೆಯ ಹೊತ್ತು. ಈ ಸಲ ಪ್ರೊಸೆಸರ್ 78 ಡಿಗ್ರಿ ದಾಟಲಿಲ್ಲ. ಕಂಪ್ಯೂಟರ್ ಒಮ್ಮೆಯೂ ಆಫ್ ಆಗಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಹಳೆಯದೇ, ಈಗಲೂ ಓಡುತ್ತಿದೆ. ಬ್ರಶ್, ಪೇಸ್ಟ್, ತಂತಿಬಲೆ ಎಲ್ಲ ಸೇರಿ ಐನೂರು ರೂಪಾಯಿಯ ಒಳಗೆ ಮುಗಿಯಿತು. ಕ್ಯಾರಲ್ ಹಣ ಹೋಗಬೇಕಾದ ಮನೆಗೇ ಹೋಯಿತು.

ಖರ್ಚೇ ಇಲ್ಲದ ಇನ್ನೊಂದು ಉಪಾಯ ಇದೆ. ನಮ್ಮ ಪರದೆ ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸಬಲ್ಲದು. ಗೇಮ್ 140 ತಯಾರಿಸುತ್ತಿತ್ತು. ಉಳಿದ 80 ಯಾರ ಕಣ್ಣಿಗೂ ಬೀಳದೆ ಬರೀ ಬಿಸಿಯಾಗಿ ಹೋಗುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ 60ಕ್ಕೆ ಮಿತಿ ಹಾಕಿದ ಮೇಲೆ ಫ್ಯಾನಿನ ಕೂಗೂ ಇಳಿಯಿತು. ಕಾಣದ್ದಕ್ಕಾಗಿ ಓಡಿ ದಣಿಯುವುದು ಯಂತ್ರಕ್ಕೆ ಮಾತ್ರ ಇರುವ ಅಭ್ಯಾಸವಲ್ಲ ಎಂದು ಫಾದರ್ ನಗುತ್ತಾ ಹೇಳಿದರು.

ಮಳೆಗಾಲದ ಆರೈಕೆ ಬೇರೆ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ, ಮೇಲಿಂದ ಕಡಲಿನ ಉಪ್ಪುಗಾಳಿ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಒಳಗೆ ತೇವ ಕೂತು ಲೋಹ ಕಿಲುಬು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ದಿನಕ್ಕೊಮ್ಮೆ ಅರ್ಧ ಗಂಟೆಯಾದರೂ ಓಡಿಸುತ್ತೇವೆ. ಅದರ ಬಿಸಿಯೇ ಆಗ ಔಷಧ. ಬಟ್ಟೆ ಹೊದಿಸುವುದು ಪೂರ್ತಿ ತಣಿದ ಮೇಲೆ ಮಾತ್ರ. ಎಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಗುಡುಗುಮಳೆಯ ಹೊತ್ತಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ಲಗ್ಗನ್ನೂ ಇಂಟರ್ನೆಟ್ ಕೇಬಲನ್ನೂ ಕಳಚಿಡಬೇಕು, ಅದೂ ಗುಡುಗು ದೂರ ಇರುವಾಗಲೇ. ಸಿಡಿಲಿನ ವಿದ್ಯುತ್ತು ಎರಡೂ ದಾರಿಯಲ್ಲಿ ಬರಬಲ್ಲದು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ‘ಚರ್ಚಿನ ಕೋಣೆಯಲ್ಲಿ ಗೇಮ್ ಯಾಕೆ?’ ಎಂದು ವಾರ್ಡಿನ ಗುರಿಕಾರರು ಸಭೆಯಲ್ಲಿ ಕೇಳಿದ್ದರು. ಅವರು ಕೇಳಿದ್ದು ಸರಿ. ನಮ್ಮ ಹುಡುಗರಲ್ಲಿ ಹಲವರು ರಾತ್ರಿ ಹೊದಿಕೆಯೊಳಗೆ ಮೊಬೈಲ್‌ನಲ್ಲಿ ಒಬ್ಬರೇ ಆಡುತ್ತಾರೆ. ಎಷ್ಟು ಹೊತ್ತು, ಯಾರ ಜೊತೆ, ಎಷ್ಟು ಹಣ ಹಾಕಿ ಎಂದು ಮನೆಯವರಿಗೆ ಗೊತ್ತಾಗುವುದಿಲ್ಲ. ಇಲ್ಲಿ ಬಾಗಿಲು ತೆರೆದಿರುತ್ತದೆ, ಸರದಿ ಇರುತ್ತದೆ, ಏಳು ಗಂಟೆಗೆ ಜಪಮಾಲೆಗೆ ಮುನ್ನ ಆಟ ಮುಗಿಯುತ್ತದೆ. 2025ರ ಸೆಪ್ಟೆಂಬರ್ 7ರಂದು ಪೋಪ್ 14ನೇ ಲಿಯೋ ಅವರು ಸಂತರೆಂದು ಘೋಷಿಸಿದ ಕಾರ್ಲೊ ಅಕುತಿಸ್ ಕೂಡ ಗೇಮ್ ಆಡುತ್ತಿದ್ದ ಹುಡುಗ. 2006ರಲ್ಲಿ, 15ನೇ ವಯಸ್ಸಿನಲ್ಲಿ ತೀರಿಹೋಗುವ ಮುಂಚೆ, ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದವರು. ಆಟಕ್ಕೆ ಅವರು ತಮಗೆ ತಾವೇ ಸಮಯದ ಮಿತಿ ಹಾಕಿಕೊಂಡಿದ್ದರು. ಕಂಪ್ಯೂಟರ್ ಅವರ ಕೈಯಲ್ಲಿತ್ತು, ಅವರು ಕಂಪ್ಯೂಟರಿನ ಕೈಯಲ್ಲಿರಲಿಲ್ಲ.

ಅದಕ್ಕೇ ನಾವು ಒಂದು ನಿಯಮ ಮಾಡಿದೆವು. ಆಡುವವರು ಆರೈಕೆಯನ್ನೂ ಮಾಡಬೇಕು. ಗೋಡೆಯ ಮೊಳೆಗೆ ಒಂದು ನೋಟ್‌ಪುಸ್ತಕ ತೂಗುಹಾಕಿದ್ದೇವೆ: ತಾರೀಕು, ಕೋಣೆಯ ಬಿಸಿ, ಪ್ರೊಸೆಸರಿನ ಬಿಸಿ, ಬ್ರಶ್ ಹಿಡಿದವರ ಹೆಸರು. ಹೆಸರಿಲ್ಲದವರಿಗೆ ಸರದಿ ಇಲ್ಲ. ಮೊದಲ ತಿಂಗಳು ಗೊಣಗಾಟ ಇತ್ತು. ಈಗ ಪ್ಲಸ್ ಟು ಓದುವ ಒಬ್ಬ ಹುಡುಗ, ಸಭೆಗಳಲ್ಲಿ ಬಾಯಿಯೇ ಬಿಡದಿದ್ದವನು, ಪುಸ್ತಕ ನೋಡಿ ‘ಅಣ್ಣಾ, ಎರಡು ವಾರದಿಂದ ನಾಲ್ಕು ಡಿಗ್ರಿ ಏರಿದೆ, ಮುಂದಿನ ಜಾಲರಿ ನೋಡ್ಬೇಕು’ ಎನ್ನುತ್ತಾನೆ. ಗುರಿಕಾರರ ಮನೆಯ ಕಂಪ್ಯೂಟರ್ ಕೂಗತೊಡಗಿದಾಗ ಅವರು ಕರೆದದ್ದು ಅವನನ್ನೇ. ಮರುದಿನ ಪೂಜೆಯ ನಂತರ ‘ನಿಮ್ಮ ಹುಡುಗ ಒಳ್ಳೆ ಕೆಲಸ ಮಾಡಿದ’ ಎಂದು ಅವರೇ ಬಂದು ಹೇಳಿದರು.

ಆದಿಕಾಂಡದ ಎರಡನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸುವುದು ಹಣ್ಣು ತಿನ್ನುವುದಕ್ಕೆ ಮಾತ್ರವಲ್ಲ, ಅದನ್ನು ನೋಡಿಕೊಳ್ಳುವುದಕ್ಕೂ. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರು ‘ಲೌದಾತೊ ಸಿ’ ಪತ್ರದಲ್ಲಿ ಬಳಸಿ ಎಸೆಯುವ ಸಂಸ್ಕೃತಿಯ ಬಗ್ಗೆ ಎಚ್ಚರಿಸಿದ್ದೂ ಇದನ್ನೇ. ಧೂಳು ತೆಗೆದರೆ ಸರಿಹೋಗುವ ಯಂತ್ರವನ್ನು ಗುಜರಿಗೆ ಹಾಕಿದರೆ ಅದರ ಸೀಸ, ಪ್ಲಾಸ್ಟಿಕ್ ಯಾರದೋ ಊರಿನ ಮಣ್ಣು ಸೇರುತ್ತದೆ. ಹೊಸದಕ್ಕೆ ಕೊಟ್ಟ ಹಣ ಯಾರದೋ ಔಷಧದ ಹಣವಾಗಿರಬಹುದು.

ಪ್ರತಿ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಸಭಾಭವನದ ಜಗಲಿಯಲ್ಲಿ ಇರುತ್ತೇವೆ. ನಿಮ್ಮ ಮನೆಯ ಕಂಪ್ಯೂಟರನ್ನು ತನ್ನಿ. ಜೊತೆಗೆ ಅದನ್ನು ದಿನವೂ ಬಳಸುವ ಮಗನನ್ನೋ ಮಗಳನ್ನೋ ಕರೆತನ್ನಿ. ಬ್ರಶ್ ನಮ್ಮಲ್ಲಿದೆ, ಹಿಡಿಯುವ ಕೈ ಅವರದಾಗಲಿ.