ಅಪ್ಪಯ್ಯನ ಕಂಪ್ಯೂಟರು, ಇನ್ವರ್ಟರಿನ ಲೆಕ್ಕ

ಮನೇಲಿ ವಯಸ್ಸಾದವರಿಗೆ ಅಂತ ಕಂಪ್ಯೂಟರ್ ತರೋ ಯೋಚನೆ ಇದ್ದರೆ ಮೊದಲು ಅಂಗಡಿಗೆ ಹೋಗಬೇಡಿ, ಇನ್ವರ್ಟರ್ ಹತ್ತಿರ ಹೋಗಿ. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಕರೆಂಟು ಬರೋದು ನೆಂಟರ ಹಾಗೆ. ಬಂದಾಗ ಬಂತು.

ನಮ್ಮನೇಲಿ ಇದ್ದಿದ್ದು ತಂಗಿ ಡಿಗ್ರಿ ಓದುವಾಗ ತಂದ ದೊಡ್ಡ ಡಬ್ಬಿ. ಪ್ಲಗ್ಗಿಗೆ ಸಿಕ್ಕಿಸೋ ವ್ಯಾಟ್ ಮೀಟರ್ ಒಂದು ತರಿಸಿ ಅಳೆದೆ. ಡಬ್ಬಿಗೆ 78 ವ್ಯಾಟ್, ಮಾನಿಟರಿಗೆ 32. ಒಟ್ಟು 110. ಈಗ ಬ್ಯಾಟರಿ ಲೆಕ್ಕ ನೋಡಿ. 150 ಎಎಚ್ ಬ್ಯಾಟರಿ ಅಂದರೆ 12ರಿಂದ ಗುಣಿಸಿದರೆ 1,800. ಅಷ್ಟನ್ನೂ ಹಿಂಡಿದರೆ ಬ್ಯಾಟರಿ ಬೇಗ ಸಾಯುತ್ತೆ. ಅರ್ಧ ಮಾತ್ರ ಬಳಸ್ತೀವಿ ಅಂದುಕೊಂಡು, ಇನ್ವರ್ಟರ್ ತಾನೇ ತಿನ್ನೋದನ್ನೂ ಕಳೆದರೆ ಕೈಗೆ ಸಿಗೋದು ಹೆಚ್ಚುಕಮ್ಮಿ 700. ಇದರಲ್ಲಿ 9 ವ್ಯಾಟಿನ ನಾಲ್ಕು ಬಲ್ಬು, ಇಂಟರ್‌ನೆಟ್ಟಿನ ಪೆಟ್ಟಿಗೆಗೆ 10, ಮೇಲೆ ಈ ಡಬ್ಬಿ. ನಾಲ್ಕೂವರೆ ಗಂಟೆಗೆ ಎಲ್ಲಾ ಕತ್ತಲೆ.

"ಮೊಬೈಲ್ ಸಾಕಲ್ವಾ ಮಾರಾಯ" ಅಂತ ಪಕ್ಕದ ಮನೆಯವರು ಕೇಳಿದ್ರು. ಅಮ್ಮನಿಗೆ ಸಾಕು. ಅಪ್ಪಯ್ಯನದ್ದು ಐವತ್ತು ವರ್ಷ ಅಡಿಕೆ ಸುಲಿದ ಕೈ. ಚೊಗರು ಹತ್ತಿ ಹತ್ತಿ ಬೆರಳ ತುದಿ ತೊಗಲಿನ ಹಾಗೆ ಒಣಗಿದೆ. ಮೊಬೈಲ್ ಪರದೆಗೆ ಆ ಬೆರಳು ಮುಟ್ಟಿದ್ದೇ ಗೊತ್ತಾಗಲ್ಲ, ರೇಷನ್ ಅಂಗಡಿ ಯಂತ್ರಕ್ಕೂ ಗೊತ್ತಾಗಲ್ಲ. ಕೀಲಿ ಒತ್ತಿದರೆ ಮಾತ್ರ ಕೆಲಸ ಆಗುತ್ತೆ. ಹಾಗಾಗಿ ಪಹಣಿ, ಬ್ಯಾಂಕು, ವಿಮೆ ಎಲ್ಲಕ್ಕೂ ಪೇಟೆಯ ಒಂದು ಅಂಗಡಿಗೆ ಹೋಗಿ, ಮೊಬೈಲನ್ನೇ ಅವರ ಕೈಗೆ ಕೊಟ್ಟು, ಬಂದ ಓಟಿಪಿ ಅವರೇ ಓದಿಕೊಳ್ಳಲಿ ಅಂತ ಕೂರ್ತಿದ್ರು. ನನಗೆ ಚುಚ್ಚಿದ್ದು ಇದು. ಕರೆಂಟಿನ ಖರ್ಚು ಆಮೇಲಿನ ಮಾತು.

ಲ್ಯಾಪ್‌ಟಾಪ್ ಕರೆಂಟಿನ ಲೆಕ್ಕದಲ್ಲಿ ಒಳ್ಳೇದೇ, ಆದರೆ ಪರದೆ ಚಿಕ್ಕದು, ಕುತ್ತಿಗೆ ಬಗ್ಗಿಸಿಯೇ ಕೂರಬೇಕು. ರಾಸ್ಪ್‌ಬೆರಿ ಪೈ ಅಂತ ಅಂಗೈಯಷ್ಟು ದೊಡ್ಡ ಕಂಪ್ಯೂಟರೂ ಇದೆ, ಬರೀ 5-6 ವ್ಯಾಟಿನಲ್ಲಿ ನಡೆಯುತ್ತೆ. ಆಸೆ ಆಯ್ತು. ಆದರೆ ಅದು ಸಾಮಾನ್ಯವಾಗಿ ಓಡೋದು ಮೆಮೊರಿ ಕಾರ್ಡ್ ಮೇಲೆ, ಕರೆಂಟು ದಿಢೀರ್ ಹೋದರೆ ಕಾರ್ಡ್ ಕೆಡೋ ಸಂಭವ ಜಾಸ್ತಿ. ನಮ್ಮೂರಲ್ಲಿ ದಿಢೀರ್ ಹೋಗೋದೇ ಕ್ರಮ.

ಕೊನೆಗೆ ತಂದಿದ್ದು ಆಫೀಸುಗಳಲ್ಲಿ ಬಳಸಿ ಬಿಟ್ಟ ಮಿನಿ ಪಿಸಿ. ದಪ್ಪ ಪುಸ್ತಕದಷ್ಟಿದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಸೇರಿ 9,500ಕ್ಕೆ ಬಂತು. ಪ್ರೊಸೆಸರ್ ಇಂಟೆಲ್ ಐ5-6500ಟಿ. ಕೊನೆಯ 'ಟಿ' ನೋಡಿ ತಗೊಳ್ಳಿ, ಕಮ್ಮಿ ಕರೆಂಟಿನದು ಅಂತ ಅರ್ಥ. ಈ ಆರನೇ ಪೀಳಿಗೆಯವು ಅಗ್ಗ ಆಗಿರೋದಕ್ಕೆ ಕಾರಣ ಇದೆ: ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಪೀಳಿಗೆಯಾದರೂ ಬೇಕು, ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ನಾನು ಲಿನಕ್ಸ್ ಮಿಂಟ್ ಹಾಕಿದೆ, ಪುಕ್ಕಟೆ. ಕನ್ನಡ ಚೆನ್ನಾಗಿ ಕಾಣುತ್ತೆ, ನುಡಿ ಕೀಲಿಮಣೆ ವಿನ್ಯಾಸವೂ ಕೂರುತ್ತೆ. ಹಳೇ ಮಾನಿಟರ್ ತೆಗೆದು 20 ಇಂಚಿನ ಎಲ್‌ಇಡಿ ಇಟ್ಟೆ. ಮೀಟರ್ ಹೇಳಿದ್ದು: ಪಿಸಿ 14, ಮಾನಿಟರ್ 17. ತಂಗಿ ಜೊತೆ ವಿಡಿಯೊ ಕಾಲ್ ಇದ್ದಾಗ ಪಿಸಿ 25ಕ್ಕೆ ಏರುತ್ತೆ. ಅದೇ ಬ್ಯಾಟರಿ, ಅದೇ ನಾಲ್ಕು ಬಲ್ಬು, ಈಗ ಒಂಬತ್ತು ಗಂಟೆ.

ಇನ್ನೊಂದು ವಿಷಯ. ಸುಮಾರು ಇನ್ವರ್ಟರುಗಳ ಹಿಂದೆ ಯುಪಿಎಸ್, ಇಕೊ ಅಂತ ಸಣ್ಣ ಸ್ವಿಚ್ ಇರುತ್ತೆ, ಯಾರೂ ನೋಡಿರಲ್ಲ. ಇಕೊದಲ್ಲಿದ್ದರೆ ಕರೆಂಟು ಹೋದ ಕ್ಷಣ ಕಂಪ್ಯೂಟರ್ ಆಫ್ ಆಗಿ ಮತ್ತೆ ಶುರು ಆಗಬಹುದು. ಯುಪಿಎಸ್‌ಗೆ ತಿರುಗಿಸಿದರೆ ಆ ಕಾಟ ಇಲ್ಲ. ಆದರೆ ವೋಲ್ಟೇಜ್ 180ಕ್ಕಿಂತ ಇಳಿದರೆ ಕರೆಂಟು ಇದ್ದರೂ ಬ್ಯಾಟರಿಗೆ ಹೋಗಿಬಿಡುತ್ತೆ. ಬೇಸಿಗೆಯಲ್ಲಿ ಎಲ್ಲರ ಪಂಪ್‌ಸೆಟ್ಟು ಓಡುವಾಗ ನಮ್ಮ ಲೈನಿನ ಗತಿ ನಿಮಗೆ ಗೊತ್ತಲ್ಲ. ಅದಕ್ಕೆ ನಮ್ಮನೇಲಿ ಮಳೆಗಾಲಕ್ಕೆ ಯುಪಿಎಸ್, ಬೇಸಿಗೆಗೆ ಇಕೊ. ಗುಡುಗು ಕೇಳಿದ ಕೂಡಲೇ ಪ್ಲಗ್ಗು ಕೀಳೋದು ಅಮ್ಮನ ಇಲಾಖೆ.

ಅಪ್ಪಯ್ಯ ಈಗ ಬೆಳಿಗ್ಗೆ ಕಾಫಿ ಆದಮೇಲೆ ಕೃಷಿ ಮಾರಾಟ ವಾಹಿನಿ ತೆರೆದು ಶಿವಮೊಗ್ಗದ ರಾಶಿ, ಬೆಟ್ಟೆ ರೇಟು ನೋಡ್ತಾರೆ. ಅಕ್ಷರ ಗೋಲಿಯಷ್ಟು ದಪ್ಪ ಮಾಡಿಟ್ಟಿದ್ದೀನಿ. ಎರಡನೇ ವಾರ ಭೂಮಿಯಲ್ಲಿ ನಮ್ಮ ಪಹಣಿ ತೆರೆದು, ಒಂದೊಂದೇ ಕಾಲಂ ಬೆರಳಿಟ್ಟು ಓದಿದ್ರು. ಹನ್ನೊಂದನೇ ಕಾಲಂಗೆ ಬಂದು ನಿಂತ್ರು. ಒಂದೂವರೆ ವರ್ಷದ ಹಿಂದೆ ತೀರಿಸಿದ ಬೆಳೆಸಾಲ ಅಲ್ಲಿ ಹಾಗೇ ಕೂತಿತ್ತು. ಅಂಗಡಿಯಲ್ಲಿ ಎಷ್ಟು ಸಲ ಆ ಹಾಳೆ ಪ್ರಿಂಟ್ ತಗೊಂಡಿದ್ದೆವೋ, ಯಾರೂ ಅಲ್ಲಿಗೆ ಕಣ್ಣು ಹಾಯಿಸಿರಲಿಲ್ಲ.

"ತೀರಿಸಿದ ರಸೀದಿ ಟ್ರಂಕಿನಲ್ಲಿದೆ, ತೆಗಿ" ಅಂದ್ರು. ಮಾರನೇ ದಿನ ಅವರೇ ಬಸ್ಸು ಹತ್ತಿ ಹೋಗಿ ಋಣಮುಕ್ತ ಪತ್ರಕ್ಕೆ ಅರ್ಜಿ ಕೊಟ್ಟು ಬಂದ್ರು. ಇನ್ನೂ ಎರಡು ಸಲ ಅಲೆಯೋದಿದೆ. ದಿನಾ ರೇಟು ನೋಡಿದ ಮೇಲೆ ಆ ಕಾಲಂ ಒಂದ್ಸಲ ತೆರೆದು ನೋಡ್ತಾರೆ.

ವ್ಯಾಟ್ ಮೀಟರ್ ನಮ್ಮನೇಲಿ ಸುಮ್ನೆ ಬಿದ್ದಿದೆ. ಹತ್ತಿರದವರಿಗೆ ಬೇಕಾದ್ರೆ ಬಂದು ತಗೊಂಡು ಹೋಗಿ, ಅಳೆದು ವಾಪಸ್ ಕೊಡಿ. ಬರೋವಾಗ ನಿಮ್ಮ ಇನ್ವರ್ಟರಿನ ಹಿಂದಿನ ಸ್ವಿಚ್ ಎಲ್ಲಿದೆ ಅಂತ ನೋಡಿಕೊಂಡು ಬನ್ನಿ.