ಮೂರೇ ದಿನದಲ್ಲಿ ಪೇಪರ್ ಪಬ್ಲಿಷ್!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೋಡ್ ರಿವ್ಯೂ ಅಂತ ಒಂದಿದೆ. ನಾನು ಬರೆದ ಕೋಡನ್ನು ಇನ್ನೊಬ್ಬರು ಓದಿ ಹುಳುಕು ಹೇಳಿದ ಮೇಲೇ ಅದು ಮುಂದಕ್ಕೆ ಹೋಗೋದು. ಸಂಶೋಧನಾ ಪತ್ರಿಕೆಗಳಲ್ಲೂ ಹೆಚ್ಚುಕಡಿಮೆ ಇದೇ ಪದ್ಧತಿ, ಹೆಸರು ಪಿಯರ್ ರಿವ್ಯೂ. ಲೇಖನ ಕಳಿಸಿದರೆ ಮೊದಲು ಸಂಪಾದಕರು ಕಣ್ಣಾಡಿಸುತ್ತಾರೆ. ಎಷ್ಟೋ ಲೇಖನ ಅಲ್ಲಿಂದಲೇ ವಾಪಸ್. ದಾಟಿದರೆ ಆ ವಿಷಯ ಬಲ್ಲ ಇಬ್ಬರೋ ಮೂವರೋ ಕೂತು ಓದುತ್ತಾರೆ. ಸಾಮಾನ್ಯವಾಗಿ ಅವರಿಗೆ ಸಂಬಳವಿಲ್ಲ, ಹೆಸರೂ ಹೊರಗೆ ಬರೋದಿಲ್ಲ. ನಮ್ಮಲ್ಲಿ ಸಂಜೆಯೊಳಗೆ ಉತ್ತರ ಬರುತ್ತೆ, ಅಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ನನ್ನ ತಂಗಿ ರಾಗಿ ಹೊಲದ ಮಣ್ಣಿನಲ್ಲಿ ಜಿಂಕ್ ಎಷ್ಟಿದೆ ಅಂತ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೂರು ವರ್ಷ ಹೊಲ ಹೊಲ ಸುತ್ತಿ ಚೀಲದಲ್ಲಿ ಮಣ್ಣು ಹೊತ್ತವಳು. ಕಳೆದ ವರ್ಷ ಅವಳ ಮೊದಲ ಪೇಪರ್ ವಾಪಸ್ ಬಂತು. ಅದೇ ವಾರ ಇನ್ನೆಲ್ಲಿಂದಲೋ ಒಂದು ಮೇಲ್: ಮೂರು ದಿನದಲ್ಲಿ ಪ್ರಕಟಣೆ ಗ್ಯಾರಂಟಿ, ಶುಲ್ಕ ಎರಡೂವರೆ ಸಾವಿರ.

“ಅಣ್ಣ, ಕಟ್ಬಿಡ್ಲಾ? ನನ್ ಜೊತೆಯವರು ಇಬ್ಬರು ಆಗ್ಲೇ ಕಟ್ಟಾಯ್ತು” ಅಂದಳು.

“ಕಟ್ಟೋಕೆ ನಾನೇ ದುಡ್ಡು ಕೊಡ್ತೀನಿ. ಆದ್ರೆ ಮೂರು ದಿನದಲ್ಲಿ ಅದನ್ನ ಓದೋರು ಯಾರು?” ಅಂದೆ.

ಇಂಥ ಅಂಗಡಿಗಳು ಒಂದೆರಡಲ್ಲ. 2018ರಲ್ಲಿ ಯುಜಿಸಿ ಗುಣಮಟ್ಟ ಸರಿಯಿಲ್ಲ, ಕೊಟ್ಟ ಮಾಹಿತಿ ಸರಿಯಿಲ್ಲ ಅಂತೆಲ್ಲ ಕಾರಣ ಹೇಳಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತ್ತು.

ವಾಪಸ್ ಬಂದರೆ ಮಾನ ಹೋಯ್ತು ಅಂದುಕೊಳ್ಳೋರು ಐನ್‌ಸ್ಟೀನ್ ಕಥೆ ಕೇಳಬೇಕು. 1936ರಲ್ಲಿ ಅವರು ರೋಸೆನ್ ಜೊತೆ, ಗುರುತ್ವದ ಅಲೆಗಳೇ ಇಲ್ಲ ಅಂತ ಬರೆದು ‘ಫಿಸಿಕಲ್ ರಿವ್ಯೂ’ಗೆ ಕಳಿಸಿದರು. ಸಂಪಾದಕರು ಇನ್ನೊಬ್ಬ ತಜ್ಞರಿಗೆ ತೋರಿಸಿದರು, ಅವರು ತಪ್ಪು ಎತ್ತಿ ತೋರಿಸಿದರು. ಐನ್‌ಸ್ಟೀನ್‌ಗೆ ಕೆಂಡದಂಥ ಕೋಪ, ಲೇಖನ ವಾಪಸ್ ತಗೊಂಡರು. ಮುಂದಿನ ವರ್ಷ ಅದು ಬೇರೆ ಪತ್ರಿಕೆಯಲ್ಲಿ ಬಂದಾಗ ತೀರ್ಮಾನ ಬದಲಾಗಿತ್ತು! 2015ರಲ್ಲಿ ಆ ಅಲೆಗಳು ಉಪಕರಣಕ್ಕೇ ಸಿಕ್ಕವು.

ತಂಗಿ ಆ ಎರಡೂವರೆ ಸಾವಿರ ಕಟ್ಟಲಿಲ್ಲ. ವಾಪಸ್ ಬಂದ ಪೇಪರ್ ಜೊತೆಗಿದ್ದ ಟಿಪ್ಪಣಿ ತೆಗೆದು ಓದಿದಳು. ಮಣ್ಣು ಎಷ್ಟು ಆಳದಿಂದ ತೆಗೆದಿರಿ? ಮಳೆಗೆ ಮುಂಚೆಯೋ ಆಮೇಲೋ? ಉತ್ತರ ಅವಳ ನೋಟ್‌ಬುಕ್ಕಿನಲ್ಲಿತ್ತು, ಪೇಪರಿನಲ್ಲಿರಲಿಲ್ಲ. ಸೇರಿಸಿ ಬೇರೆ ಪತ್ರಿಕೆಗೆ ಕಳಿಸಿದಳು. ಏಳು ತಿಂಗಳಿಗೆ ಹತ್ತೊಂಬತ್ತು ಪ್ರಶ್ನೆ ಬಂದವು. ಒಂದೊಂದಕ್ಕೂ ಉತ್ತರ ಬರೆದಿದ್ದಾಳೆ, ಈಗ ಎರಡನೇ ಸುತ್ತು. ಗೈಡ್ ಅವಸರ ಮಾಡ್ತಿದ್ದಾರೆ, ಫೆಲೋಶಿಪ್ ಮುಗಿಯುತ್ತಾ ಬಂತು.

ಆದರೂ ಕಾಯ್ತಾಳಂತೆ. ನಾಳೆ ಆ ಅಂಕಿ ನಂಬಿ ಯಾರೋ ರೈತ ಸಾಲ ಮಾಡಿ ಜಿಂಕ್ ಸಲ್ಫೇಟ್ ತಂದು ಹೊಲಕ್ಕೆ ಹಾಕ್ತಾನಲ್ಲ, ಅದಕ್ಕೆ.